ಕಿವಿಯ ಮೆಷಿನ್ ನನ್ನ ಜೇಬಿನಲ್ಲಿತ್ತು

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ, ಶನಿವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ಮೂಡುಬಿದಿರೆಯಿಂದ ಹೆಚ್ಚು ದೂರವಿಲ್ಲದ ನಮ್ಮ ಚರ್ಚ್. ಅಲ್ಲಿದ್ದವರು ಪಾಪನಿವೇದನೆ ಕೇಳಲು ಹೊರಗಿನಿಂದ ಬಂದ ಮೂವರು ಗುರುಗಳು, ಸಾಲಿನಲ್ಲಿ ನಿಂತ ಊರ ಜನ, ಸಾಲು ನೋಡಿಕೊಳ್ಳುವ ನಾನು. ಕಾರಣ ಕಾಣದ ಸಂಗತಿಗಳನ್ನು ನಾನು ನಂಬುವವನಾಗಿರಲಿಲ್ಲ. ವ್ಯಾಯಾಮ ಶಿಕ್ಷಕನಾಗಿ ನಿವೃತ್ತನಾದವನು. ಯಾರಾದರೂ ಅಂಥದ್ದು ಹೇಳಿದರೆ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಮಾಡಿ ಎನ್ನುತ್ತಿದ್ದೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಈಸ್ಟರ್‌ಗೆ ಮುಂಚೆ ನಮ್ಮಲ್ಲಿ ಬೇರೆ ಊರಿನ ಗುರುಗಳನ್ನು ಕರೆಸುತ್ತಾರೆ. ದಿನವೂ ಮುಖ ನೋಡುವ ನಮ್ಮ ಫಾದರ್ ಮುಂದೆ ಪಾಪ ಹೇಳಿಕೊಳ್ಳಲು ಜನರಿಗೆ ಸಂಕೋಚ. ಬಂದವರಲ್ಲಿ ಒಬ್ಬರಿಗೆ ಕಿವಿ ಮಂದ ಎಂದು ತಿಳಿದರೆ ಅವರ ಸಾಲೇ ಉದ್ದ.

"ಕೆಪ್ಪ ಫಾದರ್‌ದು ಯಾವ ಸಾಲು ಮಾಸ್ಟ್ರೇ?" ಎಂದು ಒಬ್ಬಾಕೆ ಪಿಸುಗುಟ್ಟಿದರು.

"ಅವರಿಗೆ ಕಿವಿಯಲ್ಲಿ ಮೆಷಿನ್ ಉಂಟು. ಎಲ್ಲ ಕೇಳ್ತದೆ."

"ಅಯ್ಯೋ, ಹಾಗಾದ್ರೆ ನಾನು ಆಚೆ ಸಾಲಿಗೆ ಹೋಗ್ತೇನೆ!"

ಆದರೂ ಆ ಸಾಲಿನಲ್ಲೇ ನಿಂತವರು ನನ್ನ ನೆರೆಯವರು, ಫೆಲಿಕ್ಸ್. ಹೆಸರು ಬದಲಿಸಿದ್ದೇನೆ, ಇದನ್ನು ಬರೆಯಿರಿ ಎಂದವರು ಅವರೇ. ಪ್ರತಿ ಭಾನುವಾರ ಪೂಜೆಗೆ ಬರುತ್ತಿದ್ದರು, ಆದರೆ ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ಬೆಂಚಿನಲ್ಲೇ ಕುಳಿತಿರುತ್ತಿದ್ದರು. ಯೌವನದಿಂದಲೂ ಹಾಗೆಯೇ. ಘೋರ ಪಾಪವನ್ನು ನಿವೇದಿಸದೆ ಪ್ರಸಾದ ಸ್ವೀಕರಿಸುವಂತಿಲ್ಲ. ಏನೋ ಇದೆ ಎಂದು ಊರಿಗೆ ಗೊತ್ತಿತ್ತು, ಏನೆಂದು ಯಾರೂ ಕೇಳಿರಲಿಲ್ಲ. ಸೋಮವಾರ ಮಂಗಳೂರಿನಲ್ಲಿ ಅವರ ಹೃದಯದ ಆಪರೇಷನ್.

"ಈವತ್ತು ಹೇಳಿ ಮುಗಿಸ್ತೇನೆ ಮಾಸ್ಟ್ರೇ. ಹೇಳದೆ ಹೋಗಿ ಮಲಗಿ, ಮತ್ತೆ ಏಳದಿದ್ರೆ?" ಎಂದರು.

ಅವರ ಸರದಿಗೆ ಮುಂಚೆ ಆ ಸಾಲಿನ ವೃದ್ಧ ಗುರುಗಳು ನಿವೇದನೆಯ ಗೂಡಿನ ಪರದೆ ಸರಿಸಿ ನನ್ನನ್ನು ಕರೆದು, ಕಿವಿಯ ಮೆಷಿನ್ ತೆಗೆದು ಕೊಟ್ಟರು. ಬ್ಯಾಟರಿ ಮುಗಿದಿತ್ತು. ಪೂಜಾವಸ್ತ್ರಗಳ ಕೋಣೆಯಲ್ಲಿದ್ದ ಅವರ ಚೀಲದಿಂದ ಹೊಸದು ತೆಗೆದು ಹಾಕಿಕೊಂಡು ಬರುವಷ್ಟರಲ್ಲಿ ಫೆಲಿಕ್ಸ್ ಗೂಡಿನ ಜಾಲರಿಯ ಮುಂದೆ ಮಂಡಿಯೂರಿಯಾಗಿತ್ತು. ಒಬ್ಬರು ನಿವೇದಿಸುತ್ತಿರುವಾಗ ಹತ್ತಿರ ಹೋಗುವ ಪದ್ಧತಿಯಿಲ್ಲ. ಮೆಷಿನ್ ಜೇಬಿನಲ್ಲಿಟ್ಟುಕೊಂಡು ದೂರ ನಿಂತೆ.

ಎದ್ದು ಬಂದ ಫೆಲಿಕ್ಸ್ ಹಿಂದಿನ ಬೆಂಚಿನಲ್ಲಿ ಕುಸಿದು ಕುಳಿತರು. ಮುಂದಿನವರನ್ನು ತಡೆದು ನಿಲ್ಲಿಸಿ ನಾನು ಅವರ ಪಕ್ಕಕ್ಕೆ ಹೋಗಿ ಕುಳಿತೆ.

"ನಾನು ಬಾಯಿಯೇ ಬಿಡಲಿಲ್ಲ ಮಾಸ್ಟ್ರೇ. ಅವರೇ ಕೇಳಿದ್ರು. ನಿನ್ನ ತಮ್ಮ ಕೈ ಚಾಚಿದಾಗ ಯಾಕೆ ಕೈ ಕಟ್ಟಿ ನಿಂತೆ ಅಂತ."

ಅವರ ತಮ್ಮ ಬಂಟ್ವಾಳದ ಹತ್ತಿರ ನೇತ್ರಾವತಿಯಲ್ಲಿ ಮುಳುಗಿ ತೀರಿಹೋದದ್ದು ಊರಿಗೆಲ್ಲ ಗೊತ್ತು. ಅಣ್ಣ ಓಡಿ ಬರುವಷ್ಟರಲ್ಲಿ ತಡವಾಗಿತ್ತು ಎಂದೇ ನಾವು ತಿಳಿದಿದ್ದೆವು. ಆ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು, ಫೆಲಿಕ್ಸ್ ದಡದಲ್ಲೇ ನಿಂತು ನೋಡುತ್ತಿದ್ದರು ಎಂಬುದನ್ನು ನಾನು ಕೇಳಿದ್ದು ಆಗಲೇ. ಹೆಂಡತಿಗೂ ಹೇಳಿರಲಿಲ್ಲವಂತೆ.

"ಆಮೇಲೆ?"

"ಹೌದು ಅಂತ ತಲೆ ಆಡಿಸಿದೆ. ನಾನು ಕ್ಷಮಿಸಿದ್ದೇನೆ, ಹೋಗು ಅಂದ್ರು."

"ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಅನ್ನಲಿಲ್ವಾ?"

"ಇಲ್ಲ. ಅಷ್ಟೇ." ನನ್ನ ಕಡೆ ತಿರುಗಿ ಕೇಳಿದರು, "ಇದು ನಿವೇದನೆ ಆದ ಹಾಗೆಯಾ, ಅಲ್ವಾ? ನೀವು ಮಕ್ಕಳಿಗೆ ಧರ್ಮೋಪದೇಶ ಕಲಿಸಿದವರಲ್ವಾ, ಹೇಳಿ."

ಕಲಿಸಿದ್ದು ನಿಜ. ಪಾಪವನ್ನು ನೆನೆದು, ದುಃಖಪಟ್ಟು, ಬಾಯಿಬಿಟ್ಟು ಹೇಳಬೇಕು; ಗುರುಗಳು ಆ ಮಾತು ಉಚ್ಚರಿಸಿ ಬಿಡುಗಡೆ ಕೊಡಬೇಕು. ಉತ್ತರ ನನ್ನಲ್ಲಿತ್ತು. ಆದರೆ ಮೆಷಿನ್ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಎದ್ದು ಹೋಗಿ ಗುರುಗಳಿಗೆ ಮೆಷಿನ್ ಕೊಟ್ಟೆ. ಅವರು ಕಿವಿಗೆ ಹಾಕಿಕೊಂಡು ಒಮ್ಮೆ ತಲೆ ಅಲ್ಲಾಡಿಸಿದರು.

"ಹಾ, ಈಗ ಸರಿ ಆಯ್ತು. ಇನ್ನು ಕಳಿಸಿ. ನೀವು ಬರ್ಲಿ ಅಂತ ಕಣ್ಣು ಮುಚ್ಚಿ ಕೂತಿದ್ದೆ."

"ಫಾದರ್ ಮೊದಲು ಈ ಕಡೆ ಬಂದದ್ದುಂಟಾ?"

"ಇಲ್ಲಪ್ಪ, ಇದೇ ಮೊದಲು."

ಅದಕ್ಕಿಂತ ಹೆಚ್ಚು ಕೇಳುವಂತಿರಲಿಲ್ಲ. ನಿವೇದನೆಯಲ್ಲಿ ನಡೆದದ್ದನ್ನು ಗುರುಗಳು ಯಾರಿಗೂ ಹೇಳಬಾರದು, ನಾವೂ ಕೇಳಬಾರದು. ಫೆಲಿಕ್ಸ್ ಅವರ ಹತ್ತಿರ ಮರಳಿ ಬಂದು, "ಇನ್ನೊಮ್ಮೆ ಹೋಗಿ. ನಿಮ್ಮ ಬಾಯಿಂದಲೇ ಹೇಳಿ" ಎಂದೆ. ಸಾಲಿನಲ್ಲಿದ್ದ ಯಾರೋ, "ಏನು ಮಾಸ್ಟ್ರೇ, ಅವರಿಗೆ ಎರಡೆರಡು ಸಲವಾ?" ಎಂದು ನಕ್ಕರು. ನಾನು ಕಣ್ಣಲ್ಲೇ ಸುಮ್ಮನಿರಿಸಿದೆ.

ಈ ಸಲ ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದ ಫೆಲಿಕ್ಸ್ ಮುಖ ಒರೆಸಿಕೊಂಡರು.

"ಹೇಳಿದೆ. ಕ್ಷಮಾಪಣೆ ಸಿಕ್ಕಿತು, ನೀವು ಹೇಳಿದ ಮಾತಿನಲ್ಲೇ." ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಆದ್ರೆ ಮಾಸ್ಟ್ರೇ, ಅವರಿಗೆ ಏನೂ ಗೊತ್ತಿರಲಿಲ್ಲ. ತೀರಿಹೋದದ್ದು ಯಾರು, ನಿನಗೆ ಏನಾಗ್ಬೇಕು ಅಂತ ಕೇಳಿದ್ರು."

ಮರುದಿನ ಅವರು ಪರಮಪ್ರಸಾದ ಸ್ವೀಕರಿಸಿದರು. ಆಪರೇಷನ್ ಕೂಡ ಮುಗಿಸಿಕೊಂಡು ಬಂದರು. ಮೊದಲು ಮಾತಾಡಿದ್ದು ಯಾರೆಂದು ನಾವಿಬ್ಬರೂ ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಅವರು ಏನೆಂದುಕೊಂಡಿದ್ದಾರೋ ನಾನು ಕೇಳಿಲ್ಲ. ನನಗಂತೂ ತಿಳಿದಿಲ್ಲ.

ಆ ಸಂಜೆ ಗುರುಗಳನ್ನು ಜೀಪು ಹತ್ತಿಸಿ ಬಂದು ಬೆಂಚುಗಳನ್ನು ಸಾಲಿಗೆ ತಂದೆ. ಕಿಟಕಿಗಳನ್ನು ಮುಚ್ಚಿದೆ. ಜೇಬಿನಲ್ಲಿ ಮುಗಿದ ಬ್ಯಾಟರಿ ಉಳಿದಿತ್ತು. ಅದನ್ನು ಕಸದ ಡಬ್ಬಕ್ಕೆ ಹಾಕಿ, ಬಾಗಿಲಿಗೆ ಬೀಗ ಹಾಕಿದೆ.