ಮೇಷ್ಟ್ರ ಲಿನಕ್ಸು, ನನ್ನ ವಿಂಡೋಸು

ಚಾಮರಾಜಪೇಟೆಯ ನಮ್ಮ ಹಿರಿಯರ ಸಂಘದಲ್ಲಿ ಕಂಪ್ಯೂಟರ್ ಮುಂದಿನ ಕುರ್ಚಿ ನನ್ನದಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಸ್ಟ್ ಆಗಿ ನಿವೃತ್ತನಾದ ನನಗೆ ಉಳಿದಿದ್ದ ಗೌರವ ಅದೊಂದೇ. ಯಂತ್ರ ಹಳೆಯದು, ಅದರಲ್ಲಿದ್ದದ್ದು ವಿಂಡೋಸ್. ಆನ್ ಮಾಡಿದರೆ ಅಪ್‌ಡೇಟ್ ಎಂದು ಕೂತುಬಿಡುತ್ತಿತ್ತು. ಅಷ್ಟರಲ್ಲಿ ನಾನು ಪೇಪರ್ ಓದಿ ಮುಗಿಸುತ್ತಿದ್ದೆ.

ಹೊಸದಾಗಿ ಸೇರಿದ ನಿವೃತ್ತ ಗಣಿತದ ಮೇಷ್ಟ್ರು ಸಮಿತಿಯನ್ನು ಒಪ್ಪಿಸಿ ಅದರಲ್ಲಿ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರು. ಅದೇ ಯಂತ್ರ ಥಟ್ಟನೆ ಎದ್ದಿತು. ಎಲ್ಲರೂ ಸುತ್ತ ನಿಂತಿದ್ದಾಗ ಮೇಷ್ಟ್ರು ನನ್ನ ಬೆನ್ನು ತಟ್ಟಿದರು.

“ಪಾಪ, ದೇವರು ಕಣ್ಣು ಬಿಡ್ಲಿ ಅಂತ ಕಾಯೋ ಹಾಗೆ ಕಾಯ್ತಿದ್ರು ಇವರು. ಎಸ್ಸೆಸ್ಸೆಲ್ಸೀಲಿ ಇದನ್ನೆಲ್ಲ ಹೇಳ್ಕೊಡಲ್ಲ ನೋಡಿ!”

ನಕ್ಕವರಲ್ಲಿ ಸಂಘದ ಸದಸ್ಯನೇ ಆದ ನನ್ನ ಭಾಮೈದನೂ ಇದ್ದ.

ಅಂದಿನಿಂದ ಕಲಿಯುವವನಂತೆ ಮೇಷ್ಟ್ರ ಪಕ್ಕ ಕೂತು, ಲಿನಕ್ಸ್ ಎಲ್ಲಿ ಎಡವುತ್ತದೆ ಎಂದು ಕಾದೆ. ಸಂಘದ ಪ್ರಿಂಟರ್ ಒಂದು ಹಟ ಹಿಡಿದದ್ದು ಬಿಟ್ಟರೆ ಅದು ಎಲ್ಲೂ ಎಡವಲಿಲ್ಲ. ಇಮೇಲು, ಸದಸ್ಯರ ವಿವರ, ಫೋಟೋ ಎಲ್ಲವೂ ಸಲೀಸು. ಮೆನುಗಳ ಜಾಗ ಬೇರೆ, ಅಷ್ಟೇ. ಅದು ಒಳ್ಳೆಯದೆಂದು ತಿಳಿದಷ್ಟೂ ನನ್ನ ಹೊಟ್ಟೆ ಉರಿಯಿತು.

ಕೊನೆಗೆ ದಾರಿ ಹೊಳೆಯಿತು. ಮನೆಯ ವಿಂಡೋಸ್‌ನಲ್ಲಿ ನಾನು ಟೈಪ್ ಮಾಡುತ್ತಿದ್ದದ್ದು ಈಗ ಎಲ್ಲ ಯಂತ್ರದಲ್ಲೂ ಮೂಡುವ ಯೂನಿಕೋಡ್‌ಗೆ ಮೊದಲಿನ ಕನ್ನಡ ಫಾಂಟ್‌ನಲ್ಲಿ. ಆ ಫಾಂಟ್ ಇಲ್ಲದ ಕಡೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಒಂದು ನಿಮಿಷದ ಕೆಲಸ. ರಾಮೋತ್ಸವದ ಕರಪತ್ರವನ್ನು ನಾನು ಬೇಕೆಂದೇ ಪರಿವರ್ತಿಸದೆ, ಅದು ಬಳೇಪೇಟೆಯ ಪ್ರೆಸ್ಸಿಗೆ ಹೋಗುವ ದಿನ ಸಭೆಯಲ್ಲೇ ಪೆನ್‌ಡ್ರೈವ್‌ನಲ್ಲಿ ಮೇಷ್ಟ್ರ ಕೈಗಿಟ್ಟೆ.

ಫೈಲ್ ತೆರೆದರು. ಶ್ರೀರಾಮನ ಹೆಸರಿರಬೇಕಾದಲ್ಲಿ ಏನೇನೋ ಇಂಗ್ಲಿಷ್ ಅಕ್ಷರ, ಗೀಟು, ಚುಕ್ಕೆ.

“ಏನ್ ಮೇಷ್ಟ್ರೇ, ನಿಮ್ಮ ಲಿನಕ್ಸಿಗೆ ಕನ್ನಡ ಬರಲ್ವಾ?” ಎಂದೆ. ಸಭೆ ಗೊಳ್ಳೆಂದಿತು. ಫೋನಿನಲ್ಲಿ ಮಾತ್ರ ಕನ್ನಡ ಬರೆದಿದ್ದ ಮೇಷ್ಟ್ರಿಗೆ ಹಳೆಯ ಫಾಂಟಿನ ವಿಷಯ ಗೊತ್ತಿರಲಿಲ್ಲ. ಫೈಲನ್ನು ಮತ್ತೆ ಮತ್ತೆ ಮುಚ್ಚಿ ತೆರೆಯುತ್ತಿದ್ದರು. ನೋಡಿ ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ವಿಂಡೋಸ್ ವಾಪಸ್ ಬಂತು. ಕುರ್ಚಿಯೂ ಬಂತು. ಮೇಷ್ಟ್ರು ಮಾತ್ರ ಬರುವುದು ನಿಲ್ಲಿಸಿದರು.

ಮಾರುಕಟ್ಟೆಯಲ್ಲಿ ಸಿಕ್ಕ ಅವರ ಹೆಂಡತಿ, “ಕನ್ನಡ ಯಾಕೆ ಕೆಟ್ಟೋಯ್ತು ಅಂತ ಇವತ್ತಿಗೂ ಅದನ್ನೇ ಕೆದಕ್ತಾ ಕೂತಿರ್ತಾರೆ. ಸರಿಯಾಗಿ ಊಟಾನೂ ಮಾಡಲ್ಲ” ಎಂದರು. ಅಂದು ಸಂಜೆ ಅವರ ಮನೆಗೆ ಹೋಗಿ ಎಲ್ಲ ಹೇಳಿ ಕೈಮುಗಿದೆ.

ಮೇಷ್ಟ್ರು ಕೂತುಕೊಳ್ಳಿ ಎನ್ನಲಿಲ್ಲ. “ಇಲ್ಲಿ ಯಾಕ್ರೀ ಹೇಳ್ತೀರಿ? ಅಲ್ಲಿ ಹೇಳಿ, ಅವರೆಲ್ಲರ ಮುಂದೆ. ನಾನೂ ಬರ್ತೀನಿ.”

ಭಾನುವಾರ ಸಂಘದ ಸಭೆಯಲ್ಲಿ, ಮೇಷ್ಟ್ರು ತಂದಿದ್ದ ಲ್ಯಾಪ್‌ಟಾಪಿನಲ್ಲಿ, ಅದೇ ಲಿನಕ್ಸ್‌ನಲ್ಲಿ, ಪರಿವರ್ತಿಸಿದ ಕರಪತ್ರ ತೆರೆದು ತೋರಿಸಿದೆ. ಕನ್ನಡ ಮುತ್ತಿನಂತೆ ಮೂಡಿತು. ನಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ.

ಭಾಮೈದನೇ ಕೇಳಿದ: “ಹಾಗಾದ್ರೆ ಭಾವ, ದಿನದ ಕೆಲಸಕ್ಕೆ ಯಾವುದು ವಾಸಿ?”

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. “ನಮ್ಮ ಹಳೇ ಮಷೀನಿಗೆ ಮೇಷ್ಟ್ರ ಲಿನಕ್ಸೇ ವಾಸಿ” ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ಸೇರಿಸಿದೆ: “ನಮ್ಮ ಪ್ರಿಂಟರ್ ಒಂದು ಅದರ ಮಾತು ಕೇಳಲ್ಲ, ಅಷ್ಟೇ.”

“ಅದೊಂದು ಬೇಕಿತ್ತೇನ್ರೀ ಈಗ?” ಎಂದರು ಮೇಷ್ಟ್ರು.

“ಎಲ್ಲರ ಮುಂದೆ ಹೇಳಿ ಅಂದೋರು ನೀವೇ ಅಲ್ವಾ?”

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ತಪ್ಪು ಒಪ್ಪಿಕೊಳ್ಳಲು ಹೋದವನು ಮತ್ತೆ ಅವರನ್ನು ಸೋಲಿಸಿದ ಖುಷಿಯಲ್ಲೇ ಮನೆಗೆ ಬಂದೆ.