ತಾಯಜ್ಜಿಯ ಮೊದಲ ಗುಟುಕು

ಆಗೆಲ್ಲ ನಮ್ಮೂರಿನಲ್ಲಿ ಯಾರದಾದರೂ ಕಣ್ಣು ಹಳದಿಯಾದರೆ ಮೊದಲು ತಿಪಟೂರಿನ ಬಸ್ಸು ಹತ್ತುತ್ತಿದ್ದರು, ವಾಪಸ್ಸು ಬಂದ ಮೇಲೆ ತಾಯಜ್ಜಿಯ ಮನೆಗೆ ಹೋಗುತ್ತಿದ್ದರು. ಡಾಕ್ಟರ ಚೀಟಿಯೂ ಇರಲಿ, ತಾಯಜ್ಜಿಯ ಲೋಟವೂ ಇರಲಿ ಎಂಬುದು ಬಿಳಿಗೆರೆ ಸುತ್ತಿನವರ ಲೆಕ್ಕಾಚಾರ. ಕಾಮಾಲೆಗೆ ಆಕೆ ಕೊಡುತ್ತಿದ್ದುದು ಮೂರು ಬೆಳಗಿನ ಔಷಧಿ. ಹೊತ್ತು ಮೂಡುವ ಮುಂಚೆ ಒಬ್ಬಳೇ ಹೋಗಿ ಸೊಪ್ಪು ಕಿತ್ತು ತರುತ್ತಿದ್ದಳು, ದಾರಿಯಲ್ಲಿ ಯಾರ ಸಂಗಡವೂ ಮಾತಾಡುತ್ತಿರಲಿಲ್ಲ. ಸೊಪ್ಪಿನ ಹೆಸರು ಹೇಳಿದರೆ ಅದರ ಗುಣ ಹೋಗುತ್ತದಂತೆ. ಎಲೆ ಅಡಿಕೆ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಬಾರದಂತೆ. ಕೇಳಿಕೊಂಡು ಬಂದವರು ಯಾರೇ ಆಗಲಿ, ಇಲ್ಲ ಅನ್ನಬಾರದಂತೆ.

ಈ 'ಅಂತೆ'ಗಳನ್ನೆಲ್ಲ ಊರು ಒಪ್ಪಿಕೊಂಡಿತ್ತು. ನಾನು ಒಪ್ಪಿರಲಿಲ್ಲ. ನನ್ನದು ಹುಟ್ಟಾ ಅನುಮಾನದ ಬುದ್ಧಿ. ಅಂಗಡಿಯಿಂದ ತಂದ ಬೆಲ್ಲವನ್ನು ಮೂಸಿ ನೋಡದೆ ಬಾಯಿಗೆ ಹಾಕುತ್ತಿರಲಿಲ್ಲ. ಅಣ್ಣೆಕಲ್ಲಾಟದಲ್ಲಿ ಗೆಳತಿ ಶೋಭಾ ಗೆದ್ದರೆ ಕಲ್ಲುಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದೆ. ಹತ್ತು ವರ್ಷದ ನನ್ನನ್ನು ಮನೆಯಲ್ಲಿ ಪೊಲೀಸಮ್ಮ ಎಂದು ರೇಗಿಸುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ಅವ್ವನಿಗೆ ಕಾಮಾಲೆ ಬಂತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಒಂದಷ್ಟು ಮಾತ್ರೆ ಕೊಟ್ಟು, ಮಲಗಿ ಸುಧಾರಿಸಿಕೊಳ್ಳಲಿ ಅಂದರು. ಅವ್ವ ಮಲಗಿದಳು, ಸುಧಾರಿಸಿಕೊಳ್ಳಲಿಲ್ಲ. ಅನ್ನದ ವಾಸನೆ ಬಂದರೂ ಮುಖ ತಿರುಗಿಸುತ್ತಿದ್ದಳು. ಅಟ್ಟದ ಮೇಲಿನ ಕೊಬ್ಬರಿಯ ಘಾಟು ಆಗುವುದಿಲ್ಲವೆಂದು ಅವಳ ಚಾಪೆಯನ್ನು ಪಡಸಾಲೆಗೆ ತಂದು ಹಾಸಿದೆವು. ಅವಳ ಕಣ್ಣು ನೋಡುವುದಕ್ಕೇ ನನಗೆ ಹೆದರಿಕೆಯಾಗುತ್ತಿತ್ತು.

ತಾಯಜ್ಜಿಯನ್ನು ಕೇಳೋಣವೆಂದರೆ ಆ ಮನೆಗೂ ನಮ್ಮ ಮನೆಗೂ ಮೂರು ವರ್ಷದಿಂದ ಮಾತಿರಲಿಲ್ಲ. ಎರಡು ತೋಟಗಳ ನಡುವಿನ ಬದುವಿನಲ್ಲಿ ಒಂದು ತೆಂಗಿನ ಮರವಿತ್ತು. ಬುಡ ಅವರ ಕಡೆ, ತಲೆ ನಮ್ಮ ಕಡೆ. ಬಿದ್ದ ಕಾಯಿ ಯಾರದೆಂದು ಅಪ್ಪನೂ ತಾಯಜ್ಜಿಯ ಮಗನೂ ಕತ್ತಿನ ಪಟ್ಟಿ ಹಿಡಿಯುವಷ್ಟು ಜಗಳವಾಡಿದ್ದರು. ಕೊನೆಗೆ ನಮ್ಮಜ್ಜಿಯೇ ಸೆರಗಿನಲ್ಲಿ ಎಲೆ ಅಡಿಕೆ ಕಟ್ಟಿಕೊಂಡು ಹೊರಟಳು. ಅಪ್ಪ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಎದ್ದು ದನದ ಕೊಟ್ಟಿಗೆಗೆ ಹೋದ.

ಶೋಭಾಗೆ ಹೇಳಿದೆ. ಅವಳು ಸುತ್ತಮುತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದಳು.

"ಮಾತು ಬಿಟ್ಟಿರೋ ಮನೇರು ಕೊಟ್ಟಿದ್ದ ಕುಡಿಸ್ಬಾರ್ದು ಕಣೇ. ಅದ್ರಾಗೆ ಏನಾರ ಬೆರೆಸಿ ಕೊಟ್ರೆ ಯಾರ್ಗೆ ಗೊತ್ತಾಗ್ತದೆ?"

ಆ ಮಾತು ನನ್ನೊಳಗೆ ಇಳಿದು ಕೂತುಬಿಟ್ಟಿತು.

ಮೊದಲ ದಿನ ಬೆಳಿಗ್ಗೆ ಇನ್ನೂ ಮಸುಕಿರುವಾಗಲೇ ಎದ್ದು ತಾಯಜ್ಜಿಯ ಹಿಂದೆ ಹೋದೆ. ಆಕೆ ತನ್ನ ತೋಟ ದಾಟಿ, ಬದು ಹತ್ತಿ, ನೇರ ನಮ್ಮ ತೋಟಕ್ಕೇ ಇಳಿದಳು. ಒಂದು ತೆಂಗಿನ ಪಾತಿಯ ಹಸಿ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಏನನ್ನೋ ಬೇರುಸಮೇತ ಕೀಳತೊಡಗಿದಳು. ಮರದ ಮರೆಯಿಂದ ನೋಡಿ ನನಗೆ ನಗು ಬಂತು. ಅದು ನೆಲನೆಲ್ಲಿ. ಎಲೆಯ ಅಡಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕಾಯಿ ಬಿಡುತ್ತದಲ್ಲ, ಅದೇ. ನಾವು ಅಡುಗೆಯಾಟ ಆಡುವಾಗ ಕರಟದ ಪಾತ್ರೆಯಲ್ಲಿ ಬೇಯಿಸುತ್ತಿದ್ದ ಬಸ್ಸಾರಿನ ಸೊಪ್ಪು ಅದು. ಆಟ ಮುಗಿದ ಮೇಲೆ ಕರುವಿನ ಮುಂದೆ ಎಸೆಯುತ್ತಿದ್ದೆವು.

ಹಾಗಾದರೆ ಇದಕ್ಕೆ ಯಾಕಿಷ್ಟು ಗುಟ್ಟು? ನನ್ನ ಅನುಮಾನ ಇಳಿಯುವ ಬದಲು ಏರಿತು. ಕಾಲಿಗೆ ಸಿಗುವ ಕಳೆಯಿಂದ ಕಾಮಾಲೆ ವಾಸಿಯಾಗುವುದಾದರೆ ಡಾಕ್ಟರು ಯಾಕೆ ಬೇಕು? ಸೊಪ್ಪು ನೆಪ ಮಾತ್ರ, ಅರೆಯುವಾಗ ಒಳಗೆ ಇನ್ನೇನನ್ನೋ ಸೇರಿಸುತ್ತಾಳೆ ಎಂದು ತೀರ್ಮಾನಿಸಿಬಿಟ್ಟೆ. ಅರೆಯುವುದನ್ನು ನೋಡೋಣವೆಂದರೆ ಆಕೆ ಮನೆಗೆ ಹೋಗಿ ಕದ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಮುತ್ತುಗದ ಎಲೆ ಮುಚ್ಚಿದ ಲೋಟ ನಮ್ಮ ಜಗಲಿಯ ಮೇಲಿತ್ತು. ಆಕೆ ಹೊಸಿಲು ದಾಟಲಿಲ್ಲ. ಅವ್ವ ಮೂಗು ಮುಚ್ಚಿಕೊಂಡು ಕುಡಿದು, ಕಹಿ ಕಹಿ ಎಂದು ನಡುಗಿದಳು. ಆ ದಿನವೆಲ್ಲ ನಾನು ಅವ್ವನ ಎದೆ ಏರಿಳಿಯುವುದನ್ನು ನೋಡುತ್ತ ಕೂತಿದ್ದೆ. ಮಧ್ಯಾಹ್ನ ಅವಳಿಗೆ ವಾಂತಿಯಾಯಿತು. ಕಾಮಾಲೆಯವರಿಗೆ ಅದೆಲ್ಲ ಇದ್ದದ್ದೇ ಎಂದು ಅಜ್ಜಿ ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ.

ಎರಡನೆಯ ದಿನ ತಾಯಜ್ಜಿ ಬರುವ ಮುಂಚೆಯೇ ಕೊಟ್ಟಿಗೆಯ ಹಿಂದೆ ಗರಿಕೆ ಜಜ್ಜಿ, ಮಜ್ಜಿಗೆಗೆ ಹಿಂಡಿ ಇಟ್ಟುಕೊಂಡಿದ್ದೆ. ಜಗಲಿಯ ಮೇಲೆ ಲೋಟ ಕಂಡಿದ್ದೇ ತಡ, ಅದನ್ನು ದಾಸವಾಳದ ಬುಡಕ್ಕೆ ಸುರಿದು ನನ್ನದನ್ನು ತುಂಬಿ ಒಳಗೆ ಒಯ್ದೆ.

"ಇವತ್ತು ಕಹೀನೇ ಇಲ್ವಲ್ಲ," ಅಂದಳು ಅವ್ವ.

ಅವ್ವನನ್ನು ಉಳಿಸಿದೆನೆಂಬ ಹೆಮ್ಮೆ ನನಗೆ. ಬೀಗುತ್ತಲೇ ಖಾಲಿ ಲೋಟ ಹೊರಗೆ ತಂದರೆ, ಅದನ್ನು ಒಯ್ಯಲು ವಾಪಸ್ಸು ಬಂದಿದ್ದ ತಾಯಜ್ಜಿ ದಾಸವಾಳದ ಹತ್ತಿರ ನಿಂತಿದ್ದಳು. ಬುಡದ ಮಣ್ಣಿನ ಮೇಲೆ ಹಸಿರು ಗಸಿ ಇನ್ನೂ ಇಂಗಿರಲಿಲ್ಲ. ಆಕೆ ಅದನ್ನು ನೋಡಿದಳು, ನನ್ನ ಕೈಯ ಹಸಿರು ಬೆರಳುಗಳನ್ನು ನೋಡಿದಳು. ಲೋಟ ಇಸಕೊಂಡು ಹೋದಳು. ಈಗ ಮನೆಯವರಿಗೆಲ್ಲ ಹೇಳುತ್ತಾಳೆ, ಅಪ್ಪನಿಂದ ಬಾಸುಂಡೆ ಖಂಡಿತ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಔಷಧಿಯನ್ನೇ ತರದಿದ್ದರೆ? ಆ ಕಹಿಯಲ್ಲಿ ನಿಜವಾಗಿ ಗುಣವಿದ್ದರೆ ನಾನು ಚೆಲ್ಲಿದ್ದು ಏನನ್ನು? ಅನುಮಾನ ಮೊದಲ ಬಾರಿಗೆ ನನ್ನ ಕಡೆಗೇ ತಿರುಗಿತು.

ಮೂರನೆಯ ದಿನ ತಾಯಜ್ಜಿ ಬಂದಳು. ಲೋಟವನ್ನು ಜಗಲಿಯ ಮೇಲಿಡಲಿಲ್ಲ. ಮೂರು ವರ್ಷ ದಾಟದಿದ್ದ ಹೊಸಿಲು ದಾಟಿ ಒಳಗೆ ಬಂದು ಅವ್ವನ ಚಾಪೆಯ ಪಕ್ಕ ಕೂತಳು. ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಮುತ್ತುಗದ ಎಲೆ ತೆಗೆದು, ಲೋಟವನ್ನು ಮೇಲೆತ್ತಿ, ಒಂದು ದೊಡ್ಡ ಗುಟುಕು ತಾನೇ ಕುಡಿದಳು. ಮುಖ ಕಿವುಚಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಲೋಟವನ್ನು ನನ್ನ ಕೈಗಿಟ್ಟಳು.

"ನೋಡ್ಕೊಂಡ್ಯಾ ಮಗಾ? ಈಗ ನಿಮ್ಮವ್ವಂಗೆ ನೀನೇ ಕುಡ್ಸು."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕುಡಿಸುವಾಗ ಅವ್ವನ ಕುತ್ತಿಗೆಯ ಮೇಲೆಲ್ಲ ಚೆಲ್ಲಿದೆ.

ನಾಲ್ಕನೆಯ ದಿನವೂ ಆಕೆ ಲೋಟ ಹಿಡಿದು ಬಂದಾಗ, ಮೂರೇ ದಿನ ಅಲ್ಲವೇ ಎಂದು ಅಜ್ಜಿ ಕೇಳಿದಳು.

"ಈ ಸಲ ಇನ್ನೊಂದಿನ ಬೇಕು ಅನ್ನಿಸ್ತು ಕಣವ್ವಾ," ಅಂದಳು ತಾಯಜ್ಜಿ. ನನ್ನ ಕಡೆ ನೋಡಲೂ ಇಲ್ಲ. ಅವತ್ತೂ ಮೊದಲ ಗುಟುಕು ತಾನೇ ಕುಡಿದಳು.

ಅವ್ವ ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡಿದಳು. ಮಾತ್ರೆಯಿಂದಲೋ, ಮಲಗಿದ್ದರಿಂದಲೋ, ಉಪ್ಪು ಎಣ್ಣೆ ಬಿಟ್ಟ ಪಥ್ಯದಿಂದಲೋ, ನೆಲನೆಲ್ಲಿಯಿಂದಲೋ ನನಗೆ ಗೊತ್ತಿಲ್ಲ. ಈ ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ. ಅಪ್ಪನೂ ತಾಯಜ್ಜಿಯ ಮಗನೂ ಕೊನೆಯವರೆಗೂ ಮಾತಾಡಲಿಲ್ಲ.

ಹೋದ ವರ್ಷ ನನ್ನ ಮಗಳಿಗೆ ಕಾಮಾಲೆ ಬಂತು. ಆಸ್ಪತ್ರೆಗೆ ತೋರಿಸಿ, ಅದು ಹತೋಟಿಗೆ ಬಂದ ಮೇಲೆ ಅವಳನ್ನು ಸುಧಾರಿಸಿಕೊಳ್ಳಲೆಂದು ಊರಿಗೆ ಕರೆದುಕೊಂಡು ಹೋಗಿದ್ದೆ. ಅವ್ವ ಹೇಳಿಕಳಿಸಿದ್ದಳೆಂದು ಕಾಣುತ್ತದೆ, ಬೆಳಿಗ್ಗೆ ತಾಯಜ್ಜಿಯ ಸೊಸೆ ಸ್ಟೀಲ್ ಲೋಟ ಹಿಡಿದು ಬಂದರು. ತಾಯಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ. ತೋಟಗಳಿಗೆಲ್ಲ ಕಳೆ ಔಷಧಿ ಹೊಡೆದು ಪಾತಿಗಳೆಲ್ಲ ಬೋಳಾಗಿವೆ, ಸೊಪ್ಪಿಗಾಗಿ ಕಾಲುವೆ ಏರಿಯವರೆಗೂ ಹೋಗಿದ್ದೆ ಅಂದರು. ಆಮೇಲೆ ಮಗಳ ಎದುರು ಕೂತು, ಲೋಟ ಎತ್ತಿ, ಒಂದು ಗುಟುಕು ಕುಡಿದರು.

ಅವರಿಗೂ ಜಾಂಡೀಸ್ ಇದೆಯಾ ಎಂದು ಮಗಳು ಮೆಲ್ಲಗೆ ನನ್ನನ್ನು ಕೇಳಿದ್ದು ಅವರ ಕಿವಿಗೂ ಬಿತ್ತು. ನಕ್ಕರು.

"ಇಲ್ಲ ಕಣವ್ವಾ. ಮೊದ್ಲು ಕೊಡೋರು ಕುಡೀಬೇಕು, ಇಲ್ದಿದ್ರೆ ಹಿಡಿಯಲ್ಲ. ನಮ್ಮತ್ತೆ ಯಾರ ಮನೇಗೋದ್ರೂ ಹಿಂಗೇ ಮಾಡೋರು. ಹಿಂದ್ಲಿಂದ ಬಂದಿರೋ ಪದ್ಧತಿ."

ಅದು ಹಿಂದಿನಿಂದ ಬಂದದ್ದಲ್ಲ. ಯಾವ ಮಳೆಗಾಲದ, ಯಾವ ಬೆಳಿಗ್ಗೆ, ಯಾರ ಎದುರಿಗೆ, ಯಾಕೆ ಶುರುವಾಯಿತೆಂದು ಆ ಪಡಸಾಲೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನೆಲನೆಲ್ಲಿ ಹೋದರೆ ಇನ್ನೊಂದು ಮಳೆಗೆ ಎಲ್ಲೋ ಚಿಗುರೀತು. ಆದರೆ ನಾನು ಆ ಲೋಟವನ್ನು ಚೆಲ್ಲುವ ಮುಂಚೆ, ತಾಯಜ್ಜಿ ಅದನ್ನು ಯಾರಿಗೂ ಕುಡಿದು ತೋರಿಸಬೇಕಾಗಿರಲಿಲ್ಲ.