ರುದ್ರಮ್ಮಜ್ಜಿಗೆ ಕೊಟ್ಟ ರಾಗಿ ಬಿಸ್ಕತ್ತು

ಎರಡು ವರ್ಷದ ಹಿಂದೆ ನಾನು ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೆ. ಬಿಸಾಡುವ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿಮಾಡಿ ರಾಗಿ ಬಿಸ್ಕತ್ತಿಗೆ ಬೆರೆಸುವುದು ನನ್ನ ಪ್ರಾಜೆಕ್ಟ್. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಹೇರಳ. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಕೊನೆಯಲ್ಲಿ ಆಮ್ಲೆಟ್ ಗಾಡಿ ಇಟ್ಟಿದ್ದ ಮಂಜಣ್ಣ ಚಿಪ್ಪು ಕೂಡಿಟ್ಟು ಕೊಡುತ್ತಿದ್ದರು.

ಪಕ್ಕದ ಮನೆಯ ರುದ್ರಮ್ಮಜ್ಜಿ ಆಗಷ್ಟೇ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಸವೆದಿದೆ, ಕ್ಯಾಲ್ಸಿಯಂ ಬೇಕು ಎಂದಿದ್ದರು ಡಾಕ್ಟರು. ಮಾತ್ರೆ ನುಂಗಿದರೆ ಅಜ್ಜಿಗೆ ಹೊಟ್ಟೆ ಉಬ್ಬರ. ಅವರು ಲಿಂಗ ಕಟ್ಟಿದವರು. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವ ದಿನ ಅಮ್ಮ ಅವರ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ಕಾಲೇಜಿನ ಲ್ಯಾಬ್‌ನಲ್ಲಿ ಮಾಡಿದ ಒಂದು ಡಬ್ಬಿ ಬಿಸ್ಕತ್ತು ಕೊಟ್ಟೆ.

"ಏನೇನ್ ಹಾಕಿದ್ಯವ್ವ?"

"ರಾಗಿ, ಬೆಲ್ಲ, ತುಪ್ಪ, ಆಮೇಲೆ ಕ್ಯಾಲ್ಸಿಯಂ ಪುಡಿ ಅಜ್ಜಿ."

"ಮೊಟ್ಟೆಗಿಟ್ಟೆ ಇಲ್ವಾ? ಬೇಕರಿಯೋರು ಹಾಕ್ತಾರಂತೆ."

"ಇಲ್ಲ."

ಒಳಗಿನ ಲೋಳೆಯಿಲ್ಲ, ಪೊರೆಯನ್ನೂ ತೆಗೆದಿದ್ದೇನೆ, ಉಳಿದದ್ದು ಬರೀ ಸುಣ್ಣ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ತಿಂಗಳು ಅಜ್ಜಿ ದಿನಕ್ಕೆರಡು ತಿಂದರು. "ಇವ್ಳು ಓದಿದ್ದು ದಂಡ ಆಗ್ಲಿಲ್ಲ ಕಣೇ" ಎಂದು ಅಮ್ಮನ ಮುಂದೆ ಹೊಗಳಿದರು.

ಒಂದು ಸೋಮವಾರ ಬೆಳಿಗ್ಗೆ ಅವರು ತಮ್ಮ ಜಗಲಿಯಲ್ಲಿ ಕೂತು ಬಿಸ್ಕತ್ತನ್ನು ಕಾಫಿಗೆ ಅದ್ದುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಂಜಣ್ಣ ಚೀಲ ಹಿಡಿದು ಬಂದರು.

"ತಗಳಿ ಮೇಡಮ್ಮೋರೇ, ನಿಮ್ ಬಿಸ್ಕತ್ ಸಾಮಾನು. ಊರೋರು ತಿಂದ್ ಬಿಸಾಕಿದ್ ಮೊಟ್ಟೆ ಚಿಪ್ನ ಊರೋರಿಗೇ ತಿನ್ನಿಸ್ತೀರಲ್ಲ, ಭಾರೀ ಐನಾತಿ ನೀವು!" ಎಂದು ನಕ್ಕರು.

ಅಜ್ಜಿ ಕೈಯಲ್ಲಿದ್ದ ಬಿಸ್ಕತ್ತನ್ನೇ ನೋಡಿದರು. ಅದರ ಅರ್ಧ ಭಾಗ ನೆನೆದು ಲೋಟದೊಳಗೆ ಬಿತ್ತು. ಮಂಜಣ್ಣ ಚೀಲ ಕೊಟ್ಟು ಹೋದ ಮೇಲೆ ನನ್ನ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಜ್ಜಿ. ಆದ್ರೆ ಅದು ಬರೀ ಸುಣ್ಣ..."

"ನಾ ಕೇಳಿದ್ನಲ್ಲೇ. ಬಾಯ್ಬಿಟ್ಟು ಕೇಳಿದ್ನಲ್ಲ."

ಎದ್ದು ಹೋಗಿ ಒಂದೇ ಕೈಯಲ್ಲಿ ಬಾಯಿ ಮುಕ್ಕಳಿಸಿದರು. ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ನಾನು ನೀರು ಹಾಕಲು ಹೋದರೆ ಚೊಂಬನ್ನು ಹಿಂದಕ್ಕೆ ಎಳೆದುಕೊಂಡರು. "ತಿಂಗ್ಳಿಡೀ ಇದ್ನ ತಿಂದು ಪೂಜೆಗೆ ಕೂತಿದೀನಿ" ಎಂದರು. ಅದು ನನಗೆ ಹೇಳಿದ್ದಲ್ಲ.

ಅವರು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ಬೈದಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತೇನೋ. ಈಗಲೂ ಎದುರು ಸಿಕ್ಕರೆ "ಊಟ ಆಯ್ತಾ" ಎನ್ನುತ್ತಾರೆ. ಪುಡಿ ಶುದ್ಧವಾಗಿತ್ತು ಎಂದು ನಾನು ಇಂದಿಗೂ ಸಾಬೀತು ಮಾಡಬಲ್ಲೆ. ಆದರೆ ನಿಜ ಹೇಳಿದ್ದರೆ ಅವರು ಬೇಡ ಎನ್ನಬಹುದಿತ್ತು. ಆ ಮಾತನ್ನು ನಾನು ಅವರ ಬಾಯಿಂದ ಕಿತ್ತುಕೊಂಡಿದ್ದೆ. ಇದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಕಳೆದ ಯುಗಾದಿಗೆ ಬೇವು ಬೆಲ್ಲ ತೆಗೆದುಕೊಂಡು ಹೋದೆ. "ಅಲ್ಲಿಡವ್ವ" ಎಂದರು. ಸಂಜೆಯೂ ತಟ್ಟೆ ಜಗಲಿಯ ಮೇಲೆ ಇಟ್ಟಲ್ಲೇ ಇತ್ತು. ಇರುವೆ ಮುತ್ತಿದ್ದವು.